ಆರರಿಂದ ಹನ್ನೆರಡರ ಮಗು: ಮನೆಯಲ್ಲೇ ಬೆಳವಣಿಗೆ ಅಳೆಯುವ ಕ್ರಮ

ಐದು ವರ್ಷ ತುಂಬುವವರೆಗೆ ಅಂಗನವಾಡಿಯಲ್ಲಿ ತೂಕ ನೋಡುತ್ತಾರೆ, ತಾಯಿ ಕಾರ್ಡಿನಲ್ಲಿ ಗುರುತು ಹಾಕುತ್ತಾರೆ, ಅಕ್ಕಪಕ್ಕದವರೂ ‘ಮಗು ಯಾಕೋ ಸೊರಗಿದೆ’ ಎಂದು ಎಚ್ಚರಿಸುತ್ತಾರೆ. ಹದಿಮೂರು ದಾಟಿದರೆ ಮೀಸೆ, ಮುಟ್ಟು, ಮುಂಗೋಪ ತಾವಾಗಿಯೇ ಮನೆಯವರ ಗಮನ ಸೆಳೆಯುತ್ತವೆ. ನಡುವಿನ ಆರೇಳು ವರ್ಷ ಮಾತ್ರ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಮಗು ಶಾಲೆಗೆ ಹೋಗುತ್ತದೆ, ಬರುತ್ತದೆ, ಉಣ್ಣುತ್ತದೆ. ಎಲ್ಲ ಸರಿಯಿದೆ ಎಂದುಕೊಂಡು ಸುಮ್ಮನಿರುತ್ತೇವೆ.

ಈ ವಯಸ್ಸಿನ ಬೆಳವಣಿಗೆ ನಿಧಾನದ್ದು: ವರ್ಷಕ್ಕೆ 5ರಿಂದ 6 ಸೆಂ.ಮೀ. ಎತ್ತರ, 2ರಿಂದ 3 ಕಿಲೋ ತೂಕ. ದಿನಾ ನೋಡುವ ಕಣ್ಣಿಗೆ ಅದು ಕಾಣುವುದಿಲ್ಲ, ನಿಂತುಹೋದರೂ ಕಾಣುವುದಿಲ್ಲ. ಅಳೆದು ಬರೆದಿಟ್ಟರೆ ಮಾತ್ರ ಗೊತ್ತಾಗುತ್ತದೆ. ವರ್ಷಕ್ಕೆ ಎರಡು ಸಲ ಸಾಕು. ಕೊಡಗಿನಲ್ಲಿ ಅದಕ್ಕೆ ಒಳ್ಳೆಯ ಎರಡು ಹೊತ್ತಿವೆ: ಶಾಲೆ ಬಾಗಿಲು ತೆಗೆಯುವ ಮೊದಲು ಮೇ ಕೊನೆಯ ವಾರ, ಮತ್ತೆ ಪುತ್ತರಿ (ನವೆಂಬರ್–ಡಿಸೆಂಬರ್‌ನ ಸುಗ್ಗಿ ಹಬ್ಬ) ಮುಗಿದ ವಾರ. ನಡುವೆ ಸರಿಸುಮಾರು ಆರು ತಿಂಗಳ ಅಂತರ ಸಿಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ಮಗುವಿಗೆ ಏನು ಮಾಡಿತು ಎಂಬುದೂ ತಿಳಿಯುತ್ತದೆ.

ಬೇಕಾದ ಸಾಮಾನು: ಬಡಗಿಗಳು ಬಳಸುವ ಸ್ಟೀಲ್ ಟೇಪು, ಗಟ್ಟಿ ರಟ್ಟಿನ ಪುಸ್ತಕ, ನಿಂತು ನೋಡುವ ತೂಕದ ಯಂತ್ರ, ದಪ್ಪ ಅಂಕಿಯ ಗೋಡೆ ಕ್ಯಾಲೆಂಡರ್, ಒಂದೇ ಅಳತೆಯ ಎರಡು ಲೋಟ, ಉದ್ದನೆಯ ಸಣ್ಣ ಬಾಯಿಯ ಒಂದು ಗ್ಲಾಸು, ಹಿಡಿ ಕಾಫಿ ಹಣ್ಣು, ಒಂದು ನೋಟ್‌ಬುಕ್. ಟೈಲರ್ ಟೇಪು ಬೇಡ. ಬಟ್ಟೆಯದ್ದು ಎಳೆದಷ್ಟು ಹಿಗ್ಗುತ್ತದೆ.

ಎತ್ತರ

ಇದರಲ್ಲೇ ತಪ್ಪು ಹೆಚ್ಚು. ಬಾಗಿಲಿಗೆ ಒರಗಿಸಿ ತಲೆಯ ಮೇಲೆ ಸ್ಕೇಲ್ ಇಟ್ಟು ಗೀಟು ಹಾಕಿದರೆ ಎರಡು ಸೆಂ.ಮೀ. ಅತ್ತಿತ್ತ ಆಗುವುದು ಸುಲಭ. ಆರು ತಿಂಗಳಲ್ಲಿ ಮಗು ಬೆಳೆಯುವುದೇ ಎರಡೂವರೆಯಿಂದ ಮೂರು ಸೆಂ.ಮೀ.; ಅದರಲ್ಲಿ ಎರಡು ಅಳತೆಯ ತಪ್ಪಿಗೇ ಹೋದರೆ ಉಳಿದದ್ದಕ್ಕೆ ಅರ್ಥವಿಲ್ಲ.

ನೆಲ ಸಮವಾಗಿರುವ, ಬುಡದಲ್ಲಿ ಉಬ್ಬಿದ ಟೈಲ್ಸ್ ಪಟ್ಟಿ ಇಲ್ಲದ ಗೋಡೆ ಆರಿಸಿ. ಕಾಲುಚೀಲವನ್ನೂ ತೆಗೆಸಿ, ಜಡೆ ಬಿಚ್ಚಿಸಿ. ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗಿರಲಿ, ಮಂಡಿ ನೆಟ್ಟಗಿರಲಿ. ಮಗುವಿಗೆ ತಾನು ಉದ್ದ ಕಾಣಬೇಕೆಂಬ ಆಸೆ. ಗಲ್ಲ ಮೇಲೆತ್ತುತ್ತದೆ, ಆಗ ನೆತ್ತಿ ಹಿಂದಕ್ಕೆ ವಾಲಿ ಅಳತೆ ಕಡಿಮೆಯೇ ಬರುತ್ತದೆ. ಕಣ್ಣಿನ ಗುಳಿಯ ಕೆಳ ಅಂಚು ಮತ್ತು ಕಿವಿಯ ತೂತು ಒಂದೇ ಮಟ್ಟದಲ್ಲಿ, ನೆಲಕ್ಕೆ ಸಮಾನಾಂತರವಾಗಿ ಇರಬೇಕು. ಪುಸ್ತಕದ ಬೆನ್ನನ್ನು ಗೋಡೆಗೆ ಪೂರ್ತಿ ಒತ್ತಿ ಹಿಡಿದು ಕೆಳಗೆ ಜಾರಿಸಿ, ಕೂದಲು ಅದುಮಿ ನೆತ್ತಿಗೆ ತಾಗುವಾಗ ನಿಲ್ಲಿಸಿ, ಪುಸ್ತಕದ ಕೆಳ ಅಂಚಿಗೆ ಪೆನ್ಸಿಲ್ ಗುರುತು ಹಾಕಿ. ಮಗುವನ್ನು ಆಚೆ ಕಳಿಸಿ, ನೆಲದಿಂದ ಗುರುತಿನವರೆಗೆ ಟೇಪು ಹಿಡಿಯಿರಿ. ಮೂರು ಸಲ ಮಾಡಿ ನಡುವಿನ ಸಂಖ್ಯೆ ಬರೆಯಿರಿ. ಯಾವುದೇ ಎರಡರ ನಡುವೆ ಅರ್ಧ ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೊದಲಿನಿಂದ ಮಾಡಿ.

ಹೊತ್ತೂ ಮುಖ್ಯ. ದಿನವಿಡೀ ಓಡಾಡಿದ ಮೇಲೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಅದುಮಿ ಸಂಜೆಗೆ ಸುಮಾರು ಒಂದು ಸೆಂ.ಮೀ. ಕಡಿಮೆ ಬರುತ್ತದೆ. ಮೇ ತಿಂಗಳಲ್ಲಿ ಬೆಳಗ್ಗೆ, ಪುತ್ತರಿಗೆ ಸಂಜೆ ಅಳೆದರೆ ಬೆಳೆದದ್ದರ ಮೂರನೇ ಒಂದು ಪಾಲು ಕಾಣೆ. ಎರಡೂ ಸಲ ಬೆಳಗ್ಗೆಯೇ ಅಳೆಯಿರಿ, ತಾರೀಕು ಸಮೇತ ಬರೆಯಿರಿ.

ಇನ್ನು ಓದುವ ಬಗೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ನಡುಮಟ್ಟದ ಎತ್ತರ ಆರು ವರ್ಷಕ್ಕೆ 115–116, ಎಂಟಕ್ಕೆ ಸುಮಾರು 127, ಹತ್ತಕ್ಕೆ 138 ಸೆಂ.ಮೀ. ನಿಮ್ಮ ಮಗು ಇದಕ್ಕಿಂತ ಐದಾರು ಸೆಂ.ಮೀ. ಕೆಳಗಿದ್ದರೆ ಗಾಬರಿ ಬೀಳಬೇಡಿ, ಮೊದಲು ಅಪ್ಪ ಅಮ್ಮನನ್ನು ಅಳೆಯಿರಿ. ಇಬ್ಬರ ಎತ್ತರ ಕೂಡಿಸಿ, ಗಂಡು ಮಗುವಾದರೆ 13 ಸೇರಿಸಿ, ಹೆಣ್ಣಾದರೆ 13 ಕಳೆದು, ಎರಡರಿಂದ ಭಾಗಿಸಿ. ಅಪ್ಪ 172, ಅಮ್ಮ 155 ಇದ್ದರೆ ಮಗ ಬೆಳೆದು ದೊಡ್ಡವನಾದಾಗ 170ರ ಆಸುಪಾಸು, ಮಗಳು 157ರ ಆಸುಪಾಸು. ಎಂಟು ಸೆಂ.ಮೀ. ಮೇಲೆ ಕೆಳಗೆ ಆಗುವುದು ಸಹಜ. ಮಗು ಎಷ್ಟನೇ ಸ್ಥಾನದಲ್ಲಿದೆ ಎನ್ನುವುದಕ್ಕಿಂತ ಎಷ್ಟು ವೇಗದಲ್ಲಿ ಹೋಗುತ್ತಿದೆ ಎನ್ನುವುದೇ ಹೆಚ್ಚು ಹೇಳುತ್ತದೆ. ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡವಿದ್ದು ವರ್ಷಕ್ಕೆ ಐದೂವರೆ ಬೆಳೆಯುವ ಮಗುವಿನ ಬಗ್ಗೆ ಚಿಂತೆ ಕಡಿಮೆ. ಉದ್ದವೇ ಇದ್ದು ಇಡೀ ವರ್ಷಕ್ಕೆ 4 ಸೆಂ.ಮೀ.ಗಿಂತ ಕಡಿಮೆ ಬೆಳೆದ ಮಗುವನ್ನು ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಥೈರಾಯ್ಡ್ ಕೊರತೆ, ಕರುಳಿನ ಕಾಯಿಲೆ, ದೀರ್ಘಕಾಲದ ರಕ್ತಹೀನತೆ ಇವೆಲ್ಲ ಮೊದಲು ಗೋಡೆಯ ಮೇಲಿನ ಗೀಟಿನಲ್ಲೇ ಕಾಣಿಸಿಕೊಳ್ಳಬಹುದು.

ತೂಕ, ಬ್ಯಾಗು

ತೂಕವನ್ನು ಬೆಳಗ್ಗೆ, ತಿಂಡಿಗೆ ಮೊದಲು, ತೆಳು ಬಟ್ಟೆಯಲ್ಲಿ ನೋಡಿ. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ. 125 ಸೆಂ.ಮೀ., 24 ಕಿಲೋ ಇರುವ ಎಂಟರ ಹುಡುಗಿಗೆ 15.4 ಬರುತ್ತದೆ. ಮೊಬೈಲಿನ ಕ್ಯಾಲ್ಕುಲೇಟರ್ ಇದನ್ನು ‘ಕಡಿಮೆ ತೂಕ’ ಎಂದು ಕೆಂಪಾಗಿ ತೋರಿಸಬಹುದು, ಏಕೆಂದರೆ ಅದರಲ್ಲಿರುವುದು ದೊಡ್ಡವರ 18.5ರ ಗೆರೆ. ಎಂಟು ವರ್ಷಕ್ಕೆ 15.4 ಸಹಜವೇ. ಮಕ್ಕಳಿಗೆ ವಯಸ್ಸಿನ ಪಟ್ಟಿಯನ್ನೇ ನೋಡಬೇಕು.

ಅದೇ ಯಂತ್ರದ ಮೇಲೆ ಬ್ಯಾಗ್ ಹೊತ್ತು ಒಮ್ಮೆ, ಬಿಟ್ಟು ಒಮ್ಮೆ ನಿಲ್ಲಿಸಿ. ರಾಜ್ಯ ಶಿಕ್ಷಣ ಇಲಾಖೆಯ 2019ರ ಆದೇಶದಲ್ಲಿ 1–2ನೇ ತರಗತಿಗೆ 1.5ರಿಂದ 2 ಕಿಲೋ, 3–5ಕ್ಕೆ 2ರಿಂದ 3, 6–8ಕ್ಕೆ 3ರಿಂದ 4 ಕಿಲೋ ಎಂದಿದೆ. ಮೇ ತಿಂಗಳ ಹೊಸ ಬ್ಯಾಗ್ ತೂಗಿ ಸಮಾಧಾನಪಡುವುದು ಬೇಡ. ಜುಲೈಯಲ್ಲಿ ಒದ್ದೆ ಕೊಡೆ, ರೈನ್‌ಕೋಟ್, ಬದಲಿ ಕಾಲುಚೀಲ, ನೀರಿನ ಬಾಟಲಿ ಸೇರಿದ ಮೇಲೆ ತೂಗಿ ನೋಡಿ. ಒಂದು ಲೀಟರ್ ನೀರೇ ಒಂದು ಕಿಲೋ ಎಂಬುದು ಎಲ್ಲರಿಗೂ ಗೊತ್ತು, ಬ್ಯಾಗ್ ತುಂಬುವಾಗ ಮರೆತಿರುತ್ತದೆ.

ರಕ್ತ, ಹುಳು, ಬೆಲ್ಲದ ಕಾಫಿ

ಬೆಳಗ್ಗೆ ಎದ್ದ ಕೂಡಲೇ ಬೆಲ್ಲದ ಕಾಫಿ, ಸಂಜೆ ಶಾಲೆಯಿಂದ ಬಂದ ಕೂಡಲೇ ಮತ್ತೊಂದು ಲೋಟ: ನಮ್ಮ ಕಡೆ ಇದು ಆರು ವರ್ಷದಿಂದಲೇ ಶುರು. ನಿಲ್ಲಿಸಿದರೆ ಒಳ್ಳೆಯದು. ಅದು ಆಗದಿದ್ದರೆ ಹೊತ್ತನ್ನಾದರೂ ಬದಲಿಸಿ. ಅಕ್ಕಿ ರೊಟ್ಟಿ, ಸೊಪ್ಪು, ಕಾಳಿನಲ್ಲಿರುವ ಕಬ್ಬಿಣವನ್ನು ಕಾಫಿ–ಟೀಯ ಒಗರು ಹಿಡಿದಿಟ್ಟುಕೊಂಡು ಕರುಳಿಗೆ ಸಿಗದಂತೆ ಮಾಡುತ್ತದೆ. ಉಣ್ಣುವುದಕ್ಕೆ ಒಂದು ಗಂಟೆ ಮೊದಲು ಕುಡಿದರೆ ತೊಂದರೆಯಿಲ್ಲ. ಉಂಡ ಮೇಲೆ ಒಂದು ಗಂಟೆಯ ಅಂತರ ಸಾಲದು, ಎರಡು ಗಂಟೆ ಬಿಡಿ. ತಿಂಡಿಯ ಜೊತೆ ಕಾಫಿಯ ಬದಲು ಕಿತ್ತಳೆ, ಸೀಬೆ, ನೆಲ್ಲಿಕಾಯಿ, ಕಡೆಗೆ ನಿಂಬೆ ಹಿಂಡಿದ ಪಲ್ಯವಾದರೂ ಇರಲಿ. ಅವುಗಳ ಸಿ ವಿಟಮಿನ್ ಅದೇ ಕಬ್ಬಿಣವನ್ನು ಒಳಕ್ಕೆ ಎಳೆದುಕೊಡುತ್ತದೆ. ಮಾಂಸ, ಮೀನು, ಏಡಿ ತಿನ್ನುವ ಮನೆಗಳಲ್ಲಿ ಈ ತಾಪತ್ರಯ ಕಡಿಮೆ, ಆದರೆ ವಾರಕ್ಕೊಮ್ಮೆ ಎರಡು ತುಂಡು ತಿಂದ ಮಾತ್ರಕ್ಕೆ ತೀರುವುದಿಲ್ಲ.

5ರಿಂದ 11 ವರ್ಷದವರಲ್ಲಿ ಹಿಮೋಗ್ಲೋಬಿನ್ 11.5 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ಕೆಳಗಣ್ಣಿನ ಒಳಭಾಗ, ಅಂಗೈ ಬಿಳಿಚಿಕೊಂಡಿವೆಯೇ ನೋಡಿ. ಮಗು ಕದ್ದು ಬಳಪ, ಹಸಿ ಅಕ್ಕಿ, ಮಣ್ಣು ತಿನ್ನುತ್ತಿದ್ದರೆ ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ಕೊಡುವ ಗುಲಾಬಿ ಮಾತ್ರೆ (10 ವರ್ಷದವರೆಗೆ, 45 ಮಿ.ಗ್ರಾಂ ಕಬ್ಬಿಣ) ವಾರಕ್ಕೊಂದು. ಊಟವಾದ ಮೇಲೆ ನುಂಗಿಸಿ. ಖಾಲಿ ಹೊಟ್ಟೆಯಲ್ಲಿ ನುಂಗಿ ವಾಂತಿಯಾದ ಮಗು ಮರುವಾರ ಅದನ್ನು ಕಿಟಕಿಯಿಂದಾಚೆ ಎಸೆಯುತ್ತದೆ. ಮಲ ಕಪ್ಪಾದರೆ ಹೆದರಬೇಡಿ, ಅದು ಕಬ್ಬಿಣದ್ದೇ ಬಣ್ಣ.

ತೋಟದ ತೇವದ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವ ಮಕ್ಕಳಿಗೆ ಕೊಕ್ಕೆಹುಳು ಪಾದದ ಚರ್ಮ ಕೊರೆದೇ ಒಳಗೆ ಹೋಗುತ್ತದೆ. ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ವರ್ಷಕ್ಕೆರಡು ಸಲ ಶಾಲೆಯಲ್ಲಿ ಕೊಡುವ 400 ಮಿ.ಗ್ರಾಂ ಆಲ್ಬೆಂಡಜೋಲ್ ತಪ್ಪಿಸಬೇಡಿ. ಅಗಿದೇ ನುಂಗಬೇಕು. ಆಮೇಲೆ ಚಪ್ಪಲಿ ಹಾಕದಿದ್ದರೆ ಮೂರು ತಿಂಗಳಲ್ಲಿ ಮತ್ತೆ ಅದೇ ಕಥೆ.

ಹಲ್ಲು: ಆರನೆಯದನ್ನು ಹುಡುಕಿ

ಆರು ವರ್ಷದ ಆಸುಪಾಸು ಕೆಳಗಿನ ಬಾಚಿಹಲ್ಲು ಅಲುಗಾಡಿದಾಗ ಮನೆಯವರೆಲ್ಲ ಅದನ್ನೇ ನೋಡುತ್ತಾರೆ. ಅದೇ ಹೊತ್ತಿಗೆ ದವಡೆಯ ತುದಿಯಲ್ಲಿ, ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ ಒಂದು ದೊಡ್ಡ ಹಲ್ಲು ಸದ್ದಿಲ್ಲದೆ ಮೂಡುತ್ತದೆ. ನಡುವಿನಿಂದ ಎಣಿಸಿದರೆ ಆರನೆಯದು. ಬರುವುದೂ ಆರನೇ ವರ್ಷಕ್ಕೆ. ಏನೂ ಬಿದ್ದು ಬಂದದ್ದಲ್ಲವಾದ್ದರಿಂದ ಅಪ್ಪ ಅಮ್ಮ ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಹುಳುಕು ಹತ್ತಿದರೂ ‘ಬೀಳುವ ಹಲ್ಲಲ್ವಾ’ ಎನ್ನುತ್ತಾರೆ. ಅದು ಬೀಳುವುದಲ್ಲ, ಸಾಯುವವರೆಗೂ ಇರಬೇಕಾದ್ದು. ಉಳಿದ ಹಲ್ಲುಗಳ ಸಾಲು ಅದನ್ನೇ ನೆಚ್ಚಿಕೊಂಡಿರುತ್ತದೆ.

ಮೊಬೈಲ್ ಟಾರ್ಚ್ ಹಿಡಿದು, ಚಮಚದ ಹಿಂಬದಿಯಿಂದ ಕೆನ್ನೆ ಸರಿಸಿ ಎಣಿಸಿ. ಆರನೆಯದರ ಅಗಿಯುವ ಮುಖದಲ್ಲಿ ಆಳದ ಗೆರೆಗಳಿರುತ್ತವೆ. ಅಲ್ಲೇ ಅಂಟು ಹಿಟ್ಟು ಕೂರುವುದು. ಪೂರ್ತಿ ಮೇಲೆ ಬರುವವರೆಗೆ ಉಳಿದ ಹಲ್ಲುಗಳಿಗಿಂತ ತಗ್ಗಿನಲ್ಲಿರುವುದರಿಂದ ಬ್ರಷ್ ಅದನ್ನು ಮುಟ್ಟದೆ ದಾಟಿಹೋಗುತ್ತದೆ. ಬ್ರಷ್ಷನ್ನು ಅಡ್ಡವಾಗಿ, ತುಟಿಯ ಮೂಲೆಯಿಂದ ಒಳಕ್ಕೆ ಹಾಕಿ ಆ ಒಂದು ಹಲ್ಲನ್ನು ಬೇರೆಯಾಗಿ ಉಜ್ಜಬೇಕು. ಏಳೆಂಟು ವರ್ಷದವರೆಗೆ ರಾತ್ರಿಯ ಉಜ್ಜುವಿಕೆ ದೊಡ್ಡವರ ಕೈಯಲ್ಲೇ ಇರಲಿ, ಫ್ಲೋರೈಡ್ ಪೇಸ್ಟ್ ಬಟಾಣಿ ಗಾತ್ರದಷ್ಟು ಸಾಕು. ಗೆರೆಗಳನ್ನು ಮುಚ್ಚುವ ಸೀಲೆಂಟ್ ಎಂಬ ಲೇಪವನ್ನು ದಂತವೈದ್ಯರು ನೋವಿಲ್ಲದೆ ಹಚ್ಚುತ್ತಾರೆ, ಕೇಳಿ ನೋಡಿ.

ಹಾಲುಹಲ್ಲು ಬೀಳುವ ಮೊದಲೇ ಹಿಂದೆ ಹೊಸ ಬಾಚಿಹಲ್ಲು ಮೂಡಿದರೆ ಆತುರ ಬೇಡ. ನಾಲಿಗೆಯ ಒತ್ತಡಕ್ಕೆ ಅದು ಮುಂದೆ ಬರುತ್ತದೆ. ಎರಡು ತಿಂಗಳಾದರೂ ಹಳೆಯದು ಅಲುಗಾಡದಿದ್ದರೆ ತೋರಿಸಿ. ಎಂಟೊಂಬತ್ತರ ವಯಸ್ಸಿನಲ್ಲಿ ಮೇಲಿನ ಮುಂಹಲ್ಲುಗಳ ನಡುವಿನ ಸಂದಿಗೂ ಅವಸರ ಬೇಡ. ಹೆಚ್ಚಿನ ಮಕ್ಕಳಲ್ಲಿ ಕೋರೆಹಲ್ಲು ಇಳಿಯುವಾಗ ಸಂದಿ ಮುಚ್ಚಿಕೊಳ್ಳುತ್ತದೆ.

ಕಣ್ಣು ಮತ್ತು ಕಿವಿ

ಗೋಡೆ ಕ್ಯಾಲೆಂಡರ್ ತೂಗಿಹಾಕಿ, ಆರು ಮೀಟರ್ (ಇಪ್ಪತ್ತು ಅಡಿ) ದೂರ ಅಳೆದು ಮಗುವನ್ನು ನಿಲ್ಲಿಸಿ. ಬೆಳಕು ಕ್ಯಾಲೆಂಡರಿನ ಮೇಲೆ ಬೀಳಲಿ. ಒಂದು ಕಣ್ಣನ್ನು ಅಂಗೈಯಿಂದ ಬಟ್ಟಲಿನಂತೆ ಮುಚ್ಚಿಸಿ. ಬೆರಳಿಂದ ಮುಚ್ಚಿದರೆ ಸಂದಿಯಿಂದ ನೋಡುತ್ತದೆ, ಒತ್ತಿದರೆ ಆಮೇಲೆ ಆ ಕಣ್ಣು ಮಂಜಾಗುತ್ತದೆ. ನೀವು ತೋರಿಸಿದ ಅಂಕಿಯನ್ನಷ್ಟೇ ಓದಿಸಿ. ಸಾಲಾಗಿ ಓದಲು ಬಿಟ್ಟರೆ ತಾರೀಕುಗಳನ್ನು ಊಹಿಸಿಯೇ ಹೇಳಿಬಿಡುತ್ತದೆ! ಮನೆಯಲ್ಲಿ ದೃಷ್ಟಿ ಚೆನ್ನಾಗಿರುವ ಒಬ್ಬರು ಅಲ್ಲೇ ನಿಂತು ಓದಿದ್ದಕ್ಕೆ ಹೋಲಿಸಿ. ಮುಖ್ಯವಾಗಿ ಎರಡು ಕಣ್ಣುಗಳ ನಡುವೆ ವ್ಯತ್ಯಾಸ ಇದೆಯೇ ನೋಡಿ. ಒಂದು ಕಣ್ಣು ಸೋಮಾರಿಯಾಗಿದ್ದರೆ ಮಗುವಿಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು ಎಲ್ಲವನ್ನೂ ನಿಭಾಯಿಸುತ್ತಿರುತ್ತದೆ. ಏಳೆಂಟು ವರ್ಷದೊಳಗೆ ಚಿಕಿತ್ಸೆ ಶುರುವಾದರೆ ಫಲ ಚೆನ್ನಾಗಿರುತ್ತದೆ, ತಡವಾದಷ್ಟೂ ಕಷ್ಟ.

ದಿನಕ್ಕೆ ಎರಡು ಗಂಟೆ ಹೊರಗಿನ ಬೆಳಕು ಸಿಗುವ ಮಕ್ಕಳಲ್ಲಿ ಸಮೀಪದೃಷ್ಟಿ ಶುರುವಾಗುವುದು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲ ಕಡೆ ಇದು ಹೇಳಿದಷ್ಟು ಸುಲಭವಲ್ಲ. ಮಳೆ ರಜೆ ಎಂದರೆ ಕತ್ತಲ ಕೋಣೆಯಲ್ಲಿ ಮೊಬೈಲ್ ಎಂದಾಗಿಬಿಟ್ಟಿದೆ. ಮೋಡ ಕವಿದ ಹಗಲಿನಲ್ಲೂ ಹೊರಗಿನ ಬೆಳಕು ಕೋಣೆಯ ಬಲ್ಬಿಗಿಂತ ಹತ್ತಾರು ಪಟ್ಟು ಹೆಚ್ಚು. ಆದ್ದರಿಂದ ಓದು, ಆಟ, ಚೌಕಾಬಾರ ಏನಿದ್ದರೂ ಜಗಲಿಗೆ ತನ್ನಿ, ಮುಖ ಅಂಗಳದ ಕಡೆ ಇರಲಿ.

ಕಿವಿಯ ಪರೀಕ್ಷೆ ಮಳೆ ನಿಂತಾಗ ಮಾಡಿ. ಮಗುವಿನ ಹಿಂದೆ ಕೈಯಳತೆ ದೂರದಲ್ಲಿ ನಿಂತು, ಒಂದು ಕಿವಿಯ ಮುಂದಿನ ಪುಟ್ಟ ಉಬ್ಬನ್ನು ಬೆರಳಿಂದ ಒತ್ತಿ ಉಜ್ಜುತ್ತಿರಿ. ಉಸಿರು ಪೂರ್ತಿ ಬಿಟ್ಟು ಪಿಸುದನಿಯಲ್ಲಿ ಮೂರು ಪದ ಹೇಳಿ: ‘ಏಳು, ಮನೆ, ಎರಡು’. ಮಗು ಅವನ್ನೇ ಮತ್ತೆ ಹೇಳಬೇಕು. ಪದ ಬದಲಿಸಿ ಇನ್ನೊಂದು ಕಿವಿಗೂ ಮಾಡಿ. ಮಳೆಗಾಲದ ಶೀತದಲ್ಲಿ ಕಿವಿತಮಟೆಯ ಹಿಂದೆ ನೀರು ನಿಂತು ವಾರಗಟ್ಟಲೆ ಮಂದ ಕೇಳಿಸುವುದುಂಟು. ನೋವಿರುವುದಿಲ್ಲವಾದ್ದರಿಂದ ಯಾರಿಗೂ ತಿಳಿಯುವುದಿಲ್ಲ. ಅಂಥ ಮಗು ತಗಡಿನ ಸೂರಿನ ಮೇಲೆ ಮಳೆ ಬಡಿಯುವ ತರಗತಿಯಲ್ಲಿ, ಹಿಂದಿನ ಬೆಂಚಿನಲ್ಲಿ ಕೂತರೆ ಟೀಚರ್ ಹೇಳಿದ್ದರಲ್ಲಿ ಅರ್ಧವೂ ಮುಟ್ಟುವುದಿಲ್ಲ. ವರದಿಯಲ್ಲಿ ‘ಗಮನ ಕಡಿಮೆ’ ಎಂದು ಬರುತ್ತದೆ. ಗಮನದ ದೂರು ಬಂದಾಗ ಮೊದಲು ಕಿವಿ, ಕಣ್ಣು, ರಕ್ತ, ನಿದ್ದೆ ನೋಡಿ, ಆಮೇಲೆ ಬುದ್ಧಿ. ನಿದ್ದೆಯ ಲೆಕ್ಕ 9ರಿಂದ 12 ಗಂಟೆ. ಏಳು ಗಂಟೆಯ ಬಸ್ಸಿಗಾಗಿ ಬೆಳಗ್ಗೆ ಐದೂವರೆಗೆ ಏಳುವ ಮಗು ರಾತ್ರಿ ಎಂಟಕ್ಕೆ ಮಲಗಿದರೆ ಒಂಬತ್ತೂವರೆ ಗಂಟೆ. ಸೀರಿಯಲ್ ಮುಗಿಸಿ ಹತ್ತಕ್ಕೆ ಮಲಗಿದರೆ ಏಳೂವರೆ.

ಯೋಚನೆ ಬದಲಾಗುವುದನ್ನು ನೋಡುವುದು

ಆರಕ್ಕೂ ಹನ್ನೊಂದಕ್ಕೂ ನಡುವೆ ಮಗುವಿನ ತಲೆಯೊಳಗೆ ಆಗುವ ಬದಲಾವಣೆ ಎತ್ತರದ್ದಕ್ಕಿಂತ ದೊಡ್ಡದು. ಆರರ ಹೊತ್ತಿಗೆ ಮೆದುಳು ಗಾತ್ರದಲ್ಲಿ ದೊಡ್ಡವರ ಮೆದುಳಿನ ಶೇ. 90ರಷ್ಟಾಗಿರುತ್ತದೆ. ಮುಂದೆ ನಡೆಯುವುದು ಒಳಗಿನ ತಂತಿ ಕೆಲಸ: ನರದ ಎಳೆಗಳಿಗೆ ಕೊಬ್ಬಿನ ಹೊದಿಕೆ ಬಿದ್ದು ಸುದ್ದಿ ಬೇಗ ಹರಿಯುತ್ತದೆ, ಬಳಸದ ಜೋಡಣೆಗಳು ಉದುರುತ್ತವೆ. ಇದರ ಫಲ ಅಡುಗೆಮನೆಯಲ್ಲೇ ಕಾಣಸಿಗುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜಾನ್ ಪಿಯಾಜೆ (1896–1980) ಮಕ್ಕಳ ಮುಂದಿಟ್ಟ ಪ್ರಶ್ನೆಗಳನ್ನು ನಮ್ಮ ಸಾಮಾನಿನಲ್ಲೇ ಕೇಳಬಹುದು.

ಪುತ್ತರಿ ಹೊತ್ತಿಗೆ ಅರೇಬಿಕಾ ಹಣ್ಣಾಗುತ್ತಿರುತ್ತದೆ. ಏಳು ಕೆಂಪು, ಮೂರು ಹಸಿರು ಕಾಫಿ ಹಣ್ಣು–ಕಾಯಿಗಳನ್ನು ಮೇಜಿನ ಮೇಲಿಡಿ. ಎಲ್ಲವೂ ಕಾಫಿಯೇ ತಾನೇ ಎಂದು ಮೊದಲು ಒಪ್ಪಿಸಿಕೊಳ್ಳಿ. ಆಮೇಲೆ ಕೇಳಿ: ‘ಇಲ್ಲಿ ಕೆಂಪು ಹೆಚ್ಚಿದೆಯಾ, ಕಾಫಿ ಹೆಚ್ಚಿದೆಯಾ?’ ಆರರ ಮಗು ತಟ್ಟನೆ ‘ಕೆಂಪು’ ಎನ್ನುತ್ತದೆ. ಅದು ಕೆಂಪನ್ನು ಹಸಿರಿನ ಜೊತೆ ಹೋಲಿಸುತ್ತಿದೆ. ಭಾಗವನ್ನೂ ಇಡಿಯನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಇನ್ನೂ ಆಗುತ್ತಿಲ್ಲ. ಎಂಟೊಂಬತ್ತರ ಮಗು ಒಂದು ಕ್ಷಣ ನಿಂತು, ನಿಮ್ಮ ಮುಖ ನೋಡಿ, ‘ಎಲ್ಲಾ ಕಾಫಿಯೇ ಅಲ್ವಾ, ಹತ್ತು’ ಎಂದು ನಗುತ್ತದೆ. ಆ ಒಂದು ಕ್ಷಣದ ನಿಲುಗಡೆಯೇ ನೋಡಬೇಕಾದ್ದು. ಮೇ ತಿಂಗಳಲ್ಲಿ ಹಣ್ಣು ಸಿಗದು. ಕಪ್ಪು ಬಿಳಿ ಅವರೆ ಬೀಜದಲ್ಲಿ ಮಾಡಿ.

ಅಕ್ಕಿ ರೊಟ್ಟಿಯ ಹಿಟ್ಟಿನಲ್ಲಿ ಒಂದೇ ಗಾತ್ರದ ಎರಡು ಉಂಡೆ ಮಾಡಿ. ಎರಡೂ ಸಮ ಎಂದು ಮಗುವೇ ಹೇಳುವವರೆಗೆ ಚಿವುಟಿ ಸರಿಮಾಡಲಿ. ಒಂದನ್ನು ರೊಟ್ಟಿ ತಟ್ಟಿ. ‘ಈಗ ಯಾವುದರಲ್ಲಿ ಹಿಟ್ಟು ಹೆಚ್ಚು?’ ಹಾಗೆಯೇ ಎರಡು ಲೋಟಕ್ಕೆ ಸಮನಾಗಿ ಮಜ್ಜಿಗೆ ಹೊಯ್ದು, ಒಂದನ್ನು ಉದ್ದನೆಯ ಗ್ಲಾಸಿಗೆ ಬಗ್ಗಿಸಿ. ಆಕಾರ ಬದಲಾದರೂ ಪ್ರಮಾಣ ಬದಲಾಗದು ಎಂಬುದು ಸಾಮಾನ್ಯವಾಗಿ ಏಳೆಂಟರಲ್ಲಿ ಹೊಳೆಯುತ್ತದೆ. ತಟ್ಟಿದ ರೊಟ್ಟಿಯ ತೂಕವೂ ಅಷ್ಟೇ ಎನ್ನುವುದು ಒಂಬತ್ತು ಹತ್ತರಲ್ಲಿ. ಅದೇ ಉಂಡೆಯನ್ನು ನೀರಿಗೆ ಹಾಕಿದರೆ ನೀರು ಅಷ್ಟೇ ಏರುತ್ತದೆ ಎನ್ನುವುದು ಹನ್ನೊಂದು ಹನ್ನೆರಡರ ಹೊತ್ತಿಗೆ. ತತ್ವ ಒಂದೇ ಆದರೂ ಹೀಗೆ ಮೆಟ್ಟಿಲುಮೆಟ್ಟಿಲಾಗಿ ಬರುತ್ತದೆ.

ಉತ್ತರಕ್ಕಿಂತ ‘ಅದು ಹೇಗೆ ಗೊತ್ತಾಯ್ತು?’ ಎನ್ನುವುದಕ್ಕೆ ಬರುವ ಮಾತು ಬರೆದುಕೊಳ್ಳಿ. ‘ಮತ್ತೆ ಉಂಡೆ ಕಟ್ಟಿದರೆ ಅಷ್ಟೇ ಆಗುತ್ತೆ’ ಎಂದರೆ ಮನಸ್ಸಿನಲ್ಲೇ ಹಿಂದಕ್ಕೆ ಹೋಗಿ ಬರಲು ಕಲಿತಿದೆ ಎಂದರ್ಥ. ಇಲ್ಲಿ ದೊಡ್ಡವರು ಕೆಡಿಸುವ ಬಗೆ ಎರಡು. ಒಂದು, ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು. ಮೊದಲ ಉತ್ತರ ತಪ್ಪಿರಬೇಕು ಎಂದು ಮಗು ಸರಿಯುತ್ತರವನ್ನೇ ಬದಲಿಸುತ್ತದೆ. ಇನ್ನೊಂದು, ತಪ್ಪಿದಾಗ ಉತ್ತರ ಹೇಳಿಕೊಡುವುದು. ಬಾಯಿಪಾಠ ಮಾಡಿಕೊಂಡ ಮಗು ಮುಂದಿನ ಸಲ ಸರಿ ಹೇಳುತ್ತದೆ, ಗ್ಲಾಸು ಬದಲಿಸಿದರೆ ಮತ್ತೆ ಎಡವುತ್ತದೆ.

ಪ್ರಶ್ನೆಯನ್ನು ಮಗು ಅಮ್ಮನ ಜೊತೆ ಮಾತಾಡುವ ಭಾಷೆಯಲ್ಲೇ ಕೇಳಿ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಎರವ ಭಾಷೆ ಆಡುವ ಮನೆಗಳಿಂದ ಒಂದೇ ತರಗತಿಗೆ ಮಕ್ಕಳು ಬರುತ್ತಾರೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ದೂರದ ರಾಜ್ಯಗಳ ಭಾಷೆಯೂ ಇದೆ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಕೇಳಿದ್ದಕ್ಕೆ ಮೌನವಾದ ಮಗುವನ್ನು ‘ಮಂದ’ ಎನ್ನುವುದು ನಮ್ಮಲ್ಲಿ ನಡೆಯುವ ದೊಡ್ಡ ಅನ್ಯಾಯ.

ನೆನಪಿನ ಅಳತೆಗೆ ಅಂಕಿಗಳು. ಸೆಕೆಂಡಿಗೊಂದರಂತೆ, ಏರಿಳಿತವಿಲ್ಲದ ದನಿಯಲ್ಲಿ ‘ನಾಲ್ಕು, ಒಂಬತ್ತು, ಎರಡು’ ಎಂದು ಹೇಳಿ, ಅದೇ ಕ್ರಮದಲ್ಲಿ ಹೇಳಿಸಿ. ಸರಿಯಾದರೆ ಒಂದು ಅಂಕಿ ಹೆಚ್ಚಿಸಿ. ಒಂದೇ ಉದ್ದದಲ್ಲಿ ಎರಡು ಸಲ ತಪ್ಪಿದರೆ ನಿಲ್ಲಿಸಿ. ಆರೇಳರ ಮಕ್ಕಳಿಗೆ ನಾಲ್ಕೈದು, ಹತ್ತರ ಹೊತ್ತಿಗೆ ಐದಾರು ಅಂಕಿ ಸಾಮಾನ್ಯ. ಹಿಂದಿನಿಂದ ಹೇಳಿಸಿದರೆ ಎರಡು ಮೂರು, ಆಮೇಲೆ ಮೂರು ನಾಲ್ಕು. ದನಿಯಲ್ಲಿ ಫೋನ್ ನಂಬರಿನಂತೆ ಜೋಡಿ ಮಾಡಿಬಿಟ್ಟರೆ ಅಳತೆ ಕೆಟ್ಟಿತು. ಉಚ್ಚರಿಸಲು ಉದ್ದವಾದ ಪದಗಳು ನೆನಪಿನಲ್ಲಿ ಕಡಿಮೆ ನಿಲ್ಲುವುದರಿಂದ ಪ್ರತಿ ಸಲವೂ ಒಂದೇ ಭಾಷೆ ಬಳಸಿ. ಇದರ ಉಪಯೋಗ ಮನೆಗೆಲಸದಲ್ಲಿದೆ: ಆರರ ಮಗುವಿಗೆ ‘ಕೈ ತೊಳಿ, ಯೂನಿಫಾರ್ಮ್ ಬಿಚ್ಚು, ಟಿಫಿನ್ ಡಬ್ಬಿ ತಾ, ಹೋಂವರ್ಕ್ ತೆಗಿ’ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಎರಡು ನಡೆದು ಎರಡು ಬಿಟ್ಟುಹೋಗುತ್ತವೆ. ಅದು ಮೊಂಡುತನವಲ್ಲ.

ತಡೆದುಕೊಳ್ಳುವ ಶಕ್ತಿಗೆ ಕೆರೆ–ದಡದಂಥ ಆಟ ಇನ್ನೊಂದಿಲ್ಲ. ಗೆರೆ ಎಳೆದು ‘ಕೆರೆ’ ಎಂದರೆ ಒಳಕ್ಕೆ, ‘ದಡ’ ಎಂದರೆ ಹೊರಕ್ಕೆ ಹಾರುವುದು. ಇಪ್ಪತ್ತು ಸಲ ಕೂಗಿ, ತಪ್ಪು ಎಣಿಸಿ. ಆಮೇಲೆ ನಿಯಮ ತಿರುಗಿಸಿ: ‘ಕೆರೆ’ ಎಂದರೆ ಹೊರಕ್ಕೆ. ಮತ್ತೆ ಇಪ್ಪತ್ತು. ಆರರ ಮಗು ತಿರುಗಿಸಿದ ಆಟದಲ್ಲಿ ಮತ್ತೆ ಮತ್ತೆ ಬೀಳುತ್ತದೆ, ಹತ್ತರದು ಎರಡು ಮೂರು ತಪ್ಪಿ ಸುಧಾರಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಹಾಲ್‌ನ ನೆಲದ ಮೇಲೆ ಸೀಮೆಸುಣ್ಣದ ಗೆರೆ ಸಾಕು.

ಓದಿನ ಬಗ್ಗೆ ಒಂದು ಮಾತು. ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲ ಕೈವಶವಾಗಲು ಮೂರು ನಾಲ್ಕು ವರ್ಷ ಹಿಡಿಯುತ್ತದೆ, ಎರಡನೇ ತರಗತಿಯಲ್ಲಿ ‘ಸ್ತ್ರ’ ತಡವರಿಸಿದರೆ ರೋಗವಲ್ಲ. ನಾಲ್ಕನೇ ತರಗತಿಯಲ್ಲೂ ಸರಳ ಪದಗಳನ್ನು ಅಕ್ಷರ ಬಿಡಿಸಿ ಓದುತ್ತಿದ್ದು, ಬಾಯಿಮಾತಿನಲ್ಲಿ ಚುರುಕಾಗಿದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅದೂ ಸೇರಿದೆ.

ದಾರಿ ತಿಳಿಯುವ ಬುದ್ಧಿಯೂ ಈ ವಯಸ್ಸಿನದ್ದೇ. ಶಾಲೆಯಿಂದ ಮನೆಗೆ ನಕ್ಷೆ ಬರೆಸಿ: ಏಳರ ಮಗು ಅಂಗಡಿ, ಗೇಟು, ಮರಗಳನ್ನು ಸಾಲಾಗಿ ಬರೆಯುತ್ತದೆ, ಹತ್ತರದು ಮೇಲಿನಿಂದ ನೋಡಿದಂತೆ ತಿರುವು ಸಮೇತ ಬರೆಯುತ್ತದೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಆನೆ ಭಯಕ್ಕೆ ಮಕ್ಕಳನ್ನು ಒಂಟಿಯಾಗಿ ನಡೆಯಲು ಬಿಡುವಂತಿಲ್ಲ, ಬಿಡಲೂಬಾರದು. ಅಲ್ಲಿ ಜೊತೆಗೆ ನಡೆಯುವಾಗ ಮಗುವನ್ನು ಮುಂದೆ ಬಿಟ್ಟು ‘ನೀನೇ ದಾರಿ ತೋರಿಸು’ ಎನ್ನಬಹುದು.

ಹಾಕಿ ಕೋಲು ಕೈಗೆ ಬಂದಾಗ

ಕೊಡಗಿನ ಮಗುವಿಗೆ ಹಾಕಿ ಕೋಲು ಬೇಗ ಸಿಗುತ್ತದೆ, ಆದರೆ ಅಣ್ಣನದ್ದು. ಕೋಲು ನೆಲದಿಂದ ಸೊಂಟದ ಮೂಳೆಯ ಮಟ್ಟಕ್ಕೆ ಬಂದರೆ ಸರಿ. ಉದ್ದವಾದರೆ ಮಗು ಕೋಲನ್ನು ಕೆಳಗೆ ಹಿಡಿದು, ತುದಿ ಹೊಟ್ಟೆಗೆ ಚುಚ್ಚಿಸಿಕೊಂಡು, ಬೆನ್ನು ಬಾಗಿಸಿ ಆಡಲು ಕಲಿಯುತ್ತದೆ. ಆ ಅಭ್ಯಾಸ ಬಿಡಿಸುವುದು ಕಷ್ಟ. ವಾರಕ್ಕೆ ತರಬೇತಿಯ ಗಂಟೆಗಳು ವಯಸ್ಸಿನ ಸಂಖ್ಯೆ ಮೀರದಿರಲಿ, ಒಂಬತ್ತರವರಿಗೆ ಒಂಬತ್ತು ಗಂಟೆ. ವಾರದಲ್ಲಿ ಒಂದೆರಡು ದಿನ ರಜೆ ಬೇಕು. ಈ ವಯಸ್ಸಿನ ಮೂಳೆಯ ತುದಿಯಲ್ಲಿ ಬೆಳೆಯುವ ಮೆದುಭಾಗ ಇದೆ. ಸ್ನಾಯು ಎಳೆದೆಳೆದು ಅದು ನೋಯುತ್ತದೆ. ಹಿಮ್ಮಡಿ ಒತ್ತಿದರೆ ನೋವು, ಓಡಿದ ಮೇಲೆ ಕುಂಟು ಎಂದರೆ ಆಟ ನಿಲ್ಲಿಸಿ ತೋರಿಸಿ.

ರಾತ್ರಿ ಎರಡೂ ಕಾಲಿನ ಮೀನಖಂಡ, ತೊಡೆ ನೋವೆಂದು ಅತ್ತು, ಉಜ್ಜಿದರೆ ಮಲಗಿ, ಬೆಳಗ್ಗೆ ಕುಣಿಯುವ ಮಗುವಿನದ್ದು ಬೆಳವಣಿಗೆಯ ವಯಸ್ಸಿನ ಸಾಮಾನ್ಯ ನೋವು. ಒಂದೇ ಕಾಲು, ಕೀಲಿನಲ್ಲಿ, ಊತ, ಜ್ವರ, ಬೆಳಗ್ಗೆಯೂ ಕುಂಟು: ಇವುಗಳಲ್ಲಿ ಯಾವುದಿದ್ದರೂ ತಡ ಮಾಡಬೇಡಿ.

ಚೆಂಡು ತಾಗಿ ಖಾಯಂ ಹಲ್ಲು ಬೇರು ಸಮೇತ ಕಿತ್ತುಬಂದರೆ ಬೇರನ್ನು ಮುಟ್ಟದೆ ಮೇಲ್ಭಾಗ ಹಿಡಿದೆತ್ತಿ. ಮಣ್ಣಾಗಿದ್ದರೆ ನೀರಿನಲ್ಲಿ ಒಂದೆರಡು ಕ್ಷಣ ಅಲುಗಿಸಿ, ಉಜ್ಜಬೇಡಿ. ಅದೇ ಗುಳಿಗೆ ಕೂರಿಸಿ ಬಟ್ಟೆ ಕಚ್ಚಿಸಿ, ಆಗದಿದ್ದರೆ ತಣ್ಣನೆ ಹಾಲಿನಲ್ಲಿ ಹಾಕಿ, ಅರ್ಧ ಗಂಟೆಯೊಳಗೆ ದಂತವೈದ್ಯರ ಬಳಿ ಹೋಗಿ. ಟಿಶ್ಯೂವಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರೆ ಬೇರಿನ ಮೇಲಿನ ಜೀವಕೋಶ ಒಣಗಿ ಸಾಯುತ್ತದೆ. ಹಾಲುಹಲ್ಲಾದರೆ ಮತ್ತೆ ಕೂರಿಸಬಾರದು.

ಕೊನೆಯ ಎರಡು ವರ್ಷ

ಹೆಣ್ಣುಮಕ್ಕಳಲ್ಲಿ 8ರಿಂದ 13ರೊಳಗೆ, ಗಂಡುಮಕ್ಕಳಲ್ಲಿ 9ರಿಂದ 14ರೊಳಗೆ ಪ್ರಾಯದ ಗುರುತು ಶುರುವಾಗುವುದು ಸಹಜ. ಅದಕ್ಕೂ ಮೊದಲೇ ಕಂಡರೆ ಡಾಕ್ಟರಿಗೆ ತೋರಿಸಿ. ಹುಡುಗಿಯ ಎದೆಯಲ್ಲಿ ಮೊದಲು ಒಂದೇ ಬದಿಗೆ ನೋಯುವ ಗಂಟು ಕಾಣಿಸುವುದುಂಟು, ಅದು ಗೆಡ್ಡೆಯಲ್ಲ. ಅದಾಗಿ ಸುಮಾರು ಎರಡರಿಂದ ಎರಡೂವರೆ ವರ್ಷಕ್ಕೆ ಮುಟ್ಟು. ಆದ್ದರಿಂದ ಗಂಟು ಕಂಡ ವಾರವೇ ಅಮ್ಮನೋ ಚಿಕ್ಕಮ್ಮನೋ ಮುಟ್ಟಿನ ಬಗ್ಗೆ ಮಾತು ತೆಗೆಯಲಿ, ಪ್ಯಾಡ್ ಒಂದನ್ನು ಶಾಲೆಯ ಬ್ಯಾಗಿಗೆ ಹಾಕಿಕೊಡಲಿ.

ದಿಢೀರ್ ಎತ್ತರ ಶುರುವಾಗುವ ಮುನ್ಸೂಚನೆ ಪಾದದಲ್ಲಿ ಸಿಗುತ್ತದೆ. ಕೈಕಾಲುಗಳಿಗಿಂತ ಮೊದಲು ಉದ್ದವಾಗುವುದು ಪಾದವೇ. ಜೂನ್‌ನಲ್ಲಿ ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಬಿಟ್ಟು ತಂದ ಶಾಲೆಯ ಶೂ ಪುತ್ತರಿಗೇ ಬಿಗಿಯಾಯಿತೆಂದರೆ, ಗೋಡೆಯ ಗೀಟನ್ನು ಇನ್ನು ಮುಂದೆ ಮೂರು ತಿಂಗಳಿಗೊಮ್ಮೆ ಹಾಕಲು ಶುರುಮಾಡಿ.